ಕಡಲಿಲ್ಲದ ಸೀಮೆಯಲ್ಲೊಂದು ಸಾಗರ

ಒಂದು ಸೀಮೆಯ ಚರಿತ್ರೆಯನ್ನು ಅಲ್ಲಿ ಆಳಿದ ಅರಸರಿಂದ ಆರಂಭಿಸುವುದು ವಾಡಿಕೆ. ಚನ್ನಗಿರಿ ತಾಲ್ಲೂಕಿನ ಮಟ್ಟಿಗೆ ಈ ಕ್ರಮ ಅಷ್ಟಾಗಿ ಒಗ್ಗುವುದಿಲ್ಲ. ರಾಜಧಾನಿ ಕಟ್ಟಿಕೊಂಡು ಶತಮಾನಗಳ ಕಾಲ ಇಲ್ಲೇ ನೆಲೆನಿಂತ ದೊಡ್ಡ ರಾಜಮನೆತನ ಈ ಸೀಮೆಗೆ ಒದಗಲಿಲ್ಲ. ಚಾಲುಕ್ಯರು, ಹೊಯ್ಸಳರು, ವಿಜಯನಗರದವರು, ಬಿಜಾಪುರದವರು, ಕೆಳದಿಯವರು, ಮೊಗಲರು, ಹೈದರ್ ಅಲಿ, ಮರಾಠರು, ಇಂಗ್ಲಿಷರು ಎಲ್ಲರಿಗೂ ಇದು ಗಡಿಯ ನೆಲ. ಒಬ್ಬರಿಂದ ಇನ್ನೊಬ್ಬರು ಕಿತ್ತುಕೊಳ್ಳುವ ನೆಲ. ಹಾಗಾಗಿ ಇಲ್ಲಿನ ಚರಿತ್ರೆಯನ್ನು ಬೆಟ್ಟ, ಹಳ್ಳ, ಕೆರೆಗಳಿಂದ ಆರಂಭಿಸಿದರೆ ಅರಸರ ಕತೆಯೂ ತಾನಾಗಿ ಅರ್ಥವಾಗುತ್ತದೆ.

ನಕಾಶೆಯನ್ನು ಮುಂದಿಟ್ಟುಕೊಳ್ಳೋಣ. ಉತ್ತರಕ್ಕೆ ದಾವಣಗೆರೆ, ಪೂರ್ವಕ್ಕೆ ಹೊಳಲ್ಕೆರೆ, ದಕ್ಷಿಣಕ್ಕೆ ತರೀಕೆರೆ, ನೈರುತ್ಯಕ್ಕೆ ಭದ್ರಾವತಿ, ಪಶ್ಚಿಮಕ್ಕೆ ಹೊನ್ನಾಳಿ. ಕಡಲು ಘಟ್ಟದಾಚೆ ಎಲ್ಲೋ ಉಳಿಯಿತು. ಆದರೂ ಈ ತಾಲ್ಲೂಕಿನ ನಡುವೆ ಸರ್ಕಾರಿ ಕಡತಗಳು ‘ಸಾಗರ’ ಎಂದೇ ಕರೆಯುವ ನೀರಿನ ಹರವೊಂದಿದೆ. ಅದೇ ಶಾಂತಿಸಾಗರ. ಜನರ ಬಾಯಲ್ಲಿ ಅದರ ಹೆಸರು ಇಂದಿಗೂ ಸೂಳೆಕೆರೆ.

ಮಲೆನಾಡಿನ ಅಂಚು, ಬಯಲಿನ ಬಾಗಿಲು

ಚನ್ನಗಿರಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ತಾಲ್ಲೂಕಿನ ದಕ್ಷಿಣ ಮತ್ತು ಪಶ್ಚಿಮದಲ್ಲಿ ಬೆಟ್ಟದ ಸಾಲುಗಳಿವೆ. ಉಬ್ರಾಣಿ ಕಡೆಯ ಕಾಡು ಭದ್ರಾವತಿ, ತರೀಕೆರೆಗಳ ಕಾಡಿಗೆ ಹತ್ತಿರ. ಅಲ್ಲಿಂದ ಉತ್ತರಕ್ಕೆ ಬಂದಂತೆ ಬೆಟ್ಟಗಳು ತಗ್ಗಿ, ಸಂತೇಬೆನ್ನೂರು, ಬಸವಾಪಟ್ಟಣ, ತ್ಯಾವಣಿಗೆಗಳ ಹೊತ್ತಿಗೆ ನೆಲ ಬಯಲಾಗಿ ಹರಡಿಕೊಳ್ಳುತ್ತದೆ. ಮಳೆಯೂ ಹಾಗೆಯೇ ಇಳಿಯುತ್ತ ಹೋಗುತ್ತದೆ. ಇದೇ ಜಿಲ್ಲೆಯ ಈಶಾನ್ಯ ಮೂಲೆಯ ಜಗಳೂರನ್ನು ತಲುಪಿದರೆ ಬೇರೆಯದೇ ಲೋಕ. ಕುರುಚಲು ಕಾಡು, ಆಳದ ಕೊಳವೆಬಾವಿ, ವರ್ಷ ಬಿಟ್ಟು ವರ್ಷ ಬರ. ಅಲ್ಲಿನ ರಂಗಯ್ಯನದುರ್ಗದ ಒಣಕಾಡನ್ನು 2011ರಲ್ಲಿ ಕೊಂಡುಕುರಿಗಳಿಗಾಗಿ ವನ್ಯಧಾಮವೆಂದು ಘೋಷಿಸಲಾಯಿತು. ಒಂದೇ ಜಿಲ್ಲೆಯೊಳಗೆ ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಕೊಂಡುಕುರಿಯ ಕುರುಚಲು. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಎಷ್ಟೋ ಸಂಗತಿಗಳು ತಿಳಿಯಾಗುತ್ತವೆ.

ಚನ್ನಗಿರಿಯ ಸುತ್ತಲಿನ ಬೆಟ್ಟಗಳಿಂದ ಇಳಿಯುವ ಹಳ್ಳಗಳೆಲ್ಲ ಉತ್ತರದ ಕಡೆಗೆ ಸೇರುತ್ತ ಒಂದು ಕಿರಿದಾದ ಕಣಿವೆಯಲ್ಲಿ ನುಸುಳಿ ಹೊರಬೀಳುತ್ತವೆ. ಕೂಡಿದ ಆ ಹಳ್ಳದ ಹೆಸರು ಹರಿದ್ರಾ. ಅದು ಬಯಲಲ್ಲಿ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಸಮೀಪದ ಒಂದು ಊರಿನ ಹೆಸರೇ ಕಣಿವೆ ಬಿಳಚಿ. ಊರಿನ ಹೆಸರಿಗೆ ಅಂಟಿಕೊಂಡ ಆ ‘ಕಣಿವೆ’ಯಲ್ಲಿಯೇ ಈ ಸೀಮೆಯ ಭೂಗೋಳದ ಗುಟ್ಟಿದೆ. ಎರಡು ಗುಡ್ಡಗಳ ನಡುವಿನ ಆ ಸಂದನ್ನು ಮುಚ್ಚಿದರೆ ಹಿಂದಿನ ಬೋಗುಣಿಯೆಲ್ಲ ನೀರಾಗುತ್ತದೆ ಎಂಬುದನ್ನು ಯಾರೋ ಒಬ್ಬರು ಬಹಳ ಹಿಂದೆಯೇ ಕಂಡುಕೊಂಡರು.

ಚಿಕ್ಕ ಏರಿ, ದೊಡ್ಡ ಕೆರೆ

ಸೂಳೆಕೆರೆಯನ್ನು ಮೊದಲ ಸಲ ನೋಡಿದವರು ಅಚ್ಚರಿಪಡುವುದು ಅದರ ಏರಿಯ ಚಿಕ್ಕತನಕ್ಕೆ. ಸಾಮಾನ್ಯವಾಗಿ ದೊಡ್ಡ ಕೆರೆಯೆಂದರೆ ಮೈಲಿಗಟ್ಟಲೆ ಏರಿ ಇರುತ್ತದೆ. ಇಲ್ಲಿನ ಏರಿಯ ಉದ್ದ ಸುಮಾರು 950 ಅಡಿ ಮಾತ್ರ. ಆದರೆ ಅದರ ಎತ್ತರ, ಅಗಲ, ಗಟ್ಟಿತನ ಮಾತ್ರ ಅಸಾಧಾರಣ. ಅದರ ಹಿಂದೆ ನಿಲ್ಲುವ ನೀರು ಕೆರೆ ತುಂಬಿದಾಗ ಸುಮಾರು 6,500 ಎಕರೆ ನೆಲವನ್ನು ಆವರಿಸುತ್ತದೆ. ಅದಕ್ಕೆ ನೀರು ಹರಿದುಬರುವ ಜಲಾನಯನ ಪ್ರದೇಶ ಸುಮಾರು 330 ಚದರ ಕಿಲೋಮೀಟರು. ಬ್ರಿಟಿಷರ ಕಾಲದ ಗೆಜೆಟಿಯರುಗಳು ಇದರ ಸುತ್ತಳತೆ 40 ಮೈಲಿ ಎಂದು ಬರೆದಿವೆ. ಇಂದು ಸಾಮಾನ್ಯವಾಗಿ ಹೇಳುವ ಲೆಕ್ಕ ಸುಮಾರು 30 ಕಿಲೋಮೀಟರು. ಅಂಕುಡೊಂಕಿನ ದಂಡೆಯನ್ನು ಹೇಗೆ ಅಳೆಯುತ್ತೇವೆ, ನೀರು ಎಷ್ಟು ತುಂಬಿದಾಗ ಅಳೆಯುತ್ತೇವೆ ಎಂಬುದರ ಮೇಲೆ ಇಂಥ ಲೆಕ್ಕ ನಿಂತಿರುತ್ತದೆ.

ಇದು ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂಬ ಮಾತು ಶಾಲಾ ಪುಸ್ತಕಗಳಿಂದ ಹಿಡಿದು ಭಾಷಣಗಳವರೆಗೆ ಹರಡಿದೆ. ಶಾಸನತಜ್ಞ ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಹೇಳಿದ್ದು ಇದಕ್ಕಿಂತ ಮಿತವಾದ ಮಾತು. ದಕ್ಷಿಣ ಭಾರತದಲ್ಲಿ ಆಗಿನ ಕಡಪ ಸೀಮೆಯ ಕಂಬಂ ಕೆರೆಯನ್ನು ಬಿಟ್ಟರೆ ಇದೇ ದೊಡ್ಡದು ಎಂಬುದು ಅವರ ಹೋಲಿಕೆ. ಕಂಬಂ ಇಂದು ಆಂಧ್ರಪ್ರದೇಶದಲ್ಲಿದೆ. ಅದನ್ನೂ ಗುಂಡ್ಲಕಮ್ಮ ಹೊಳೆಗೆ ಅಡ್ಡಲಾಗಿ ಬೆಟ್ಟಗಳ ಸಂದಿನಲ್ಲಿಯೇ ಕಟ್ಟಲಾಗಿದೆ. ಅದನ್ನು ಕಟ್ಟಿಸಿದವಳೂ ಒಬ್ಬ ರಾಜಕುಮಾರಿ, ವಿಜಯನಗರದ ವರದರಾಜಮ್ಮ ಎಂದು ಪ್ರತೀತಿ. ಎರಡು ದೊಡ್ಡ ಕೆರೆಗಳಿಗೂ ಹೆಣ್ಣುಮಕ್ಕಳೇ ಕಾರಣರೆಂದು ಜನ ನಂಬಿರುವುದು ಗಮನಿಸತಕ್ಕ ಸಂಗತಿ.

ಕೆರೆ ಕಟ್ಟಿದ್ದು ಹನ್ನೊಂದು ಅಥವಾ ಹನ್ನೆರಡನೆಯ ಶತಮಾನದಲ್ಲಿ ಎಂಬುದು ರೂಢಿಯ ಅಂದಾಜು. ಆ ಕಾಲಕ್ಕೆ ಇದು ಎರಡು ದೊಡ್ಡ ನಾಡುಗಳ ನಡುವಿನ ಪ್ರದೇಶ. ಪಶ್ಚಿಮಕ್ಕೆ ಬನವಾಸಿ ಹನ್ನೆರಡು ಸಾವಿರ, ಪೂರ್ವಕ್ಕೆ ಉಚ್ಚಂಗಿಯನ್ನು ಕೇಂದ್ರ ಮಾಡಿಕೊಂಡ ನೊಳಂಬವಾಡಿ ಮೂವತ್ತೆರಡು ಸಾವಿರ. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಒಟ್ಟಿಗೆ ಅಚ್ಚಾಗಿವೆ. ಅದು ಆಗಿನ ಆಡಳಿತದ ವಿಂಗಡಣೆ ಹೌದು. ಹಾಗೆಯೇ ಈ ಸೀಮೆ ಯಾವ ಕಡೆಗೆ ಮುಖ ಮಾಡಿತ್ತು ಎಂಬುದರ ಸೂಚನೆಯೂ ಹೌದು.

ಏರಿಯಲ್ಲಿ ಎರಡು ತೂಬುಗಳಿವೆ. ಒಂದರ ಹೆಸರು ಸಿದ್ಧ, ಇನ್ನೊಂದರದು ಬಸವ. ಅವುಗಳಿಂದ ಹೊರಡುವ ಎರಡು ನಾಲೆಗಳು ಕೆಳಗಿನ ಬಯಲಿನ ಕೆಲವು ಸಾವಿರ ಎಕರೆಗೆ ನೀರುಣಿಸುತ್ತ ಬಂದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಮೈಸೂರು ಸೀಮೆ ಇಂಗ್ಲಿಷ್ ಕಮಿಷನರರ ಕೈಯಲ್ಲಿದ್ದಾಗ, ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಈ ಕೆರೆಯನ್ನು ಪರಿಶೀಲಿಸಿದ್ದರು. ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಬಂದದ್ದು ಇವರಿಂದಲೇ. ಮಣ್ಣು, ಕಲ್ಲುಗಳ ಈ ಏರಿ ಇಷ್ಟು ಶತಮಾನಗಳ ಒತ್ತಡವನ್ನು ತಾಳಿಕೊಂಡಿರುವುದು ಕಟ್ಟಿದವರ ಕೈಚಳಕಕ್ಕೆ ಸಾಕ್ಷಿ.

ಶಾಂತವ್ವನ ಕತೆ ಮತ್ತು ಹೆಸರಿನ ಪ್ರಶ್ನೆ

ಕಟ್ಟಿದವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡುವುದು ಜನಪದ ಐತಿಹ್ಯ. ಈಗ ನೀರಿರುವ ಜಾಗದಲ್ಲಿ ಸ್ವರ್ಗಾವತಿ ಎಂಬ ಪಟ್ಟಣವಿತ್ತಂತೆ. ಅಲ್ಲಿನ ದೊರೆ ವಿಕ್ರಮರಾಯ. ಅವನ ಮಗಳು ಶಾಂತವ್ವ. ಸಿದ್ಧೇಶ್ವರನೆಂಬುವನನ್ನು ಒಲಿದು ಹೋದ ಆಕೆ ಲೋಕದ ದೃಷ್ಟಿಯಲ್ಲಿ ತಪ್ಪಿತಸ್ಥೆಯಾದಳು. ತಂದೆ ಮುನಿದ. ಆ ಕಳಂಕ ತೊಳೆಯಲು ಆಕೆ ಕೆರೆ ಕಟ್ಟಿಸುವ ಸಂಕಲ್ಪ ಮಾಡಿದಳು. ಕೆರೆಗೆ ಬೇಕಾದ ಜಾಗದಲ್ಲಿ ಸೂಳೆಯರ ಕೇರಿಯಿತ್ತು. ಅವರು ಜಾಗ ಬಿಟ್ಟುಕೊಡಲು ಒಪ್ಪಿದರು, ಒಂದು ಕರಾರಿನ ಮೇಲೆ: ಕೆರೆಗೆ ತಮ್ಮ ಹೆಸರೇ ಇರಬೇಕು. ಶಾಂತವ್ವ ಒಪ್ಪಿದಳು. ಕೆರೆಯಾಯಿತು, ಪಟ್ಟಣ ಮುಳುಗಿತು. ಏರಿಯ ಬಳಿಯ ಸಿದ್ಧೇಶ್ವರನ ಗುಡಿಯಲ್ಲಿ, ತೂಬಿನ ಹೆಸರಿನಲ್ಲಿ ಈ ಕತೆಯ ನೆನಪು ಉಳಿದಿದೆ.

ಇದು ಶಾಸನಾಧಾರವಿಲ್ಲದ ಕತೆ. ಆದರೂ ಇದರಲ್ಲಿ ಚರಿತ್ರೆಗೆ ಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು ಮುಳುಗಡೆ. ಒಂದು ದೊಡ್ಡ ಕೆರೆ ಆಗಬೇಕಾದರೆ ಊರು, ಹೊಲ, ಮನೆ ನೀರಿನ ಪಾಲಾಗಲೇಬೇಕು. ಲಿಂಗನಮಕ್ಕಿ, ಆಲಮಟ್ಟಿಗಳ ಕಾಲದಲ್ಲಿ ನಾವು ಕಂಡ ಈ ಸಂಕಟವನ್ನು ಜನಪದರು ಎಂದೋ ಕತೆಯಾಗಿ ಹೇಳಿಕೊಂಡಿದ್ದಾರೆ. ಎರಡನೆಯದು, ನೆಲ ಬಿಟ್ಟುಕೊಟ್ಟವರ ಹಕ್ಕು. ಕಟ್ಟಿಸಿದ ಅರಸುಮಗಳಿಗಿಂತ ಜಾಗ ಕಳೆದುಕೊಂಡ ಹೆಂಗಸರ ಹೆಸರೇ ಕೆರೆಗೆ ನಿಲ್ಲಬೇಕು ಎಂಬ ನ್ಯಾಯ ಈ ಕತೆಯಲ್ಲಿದೆ.

ಇಪ್ಪತ್ತನೆಯ ಶತಮಾನದಲ್ಲಿ ಸಭ್ಯ ಕಿವಿಗಳಿಗೆ ಹಳೆಯ ಹೆಸರು ಮುಜುಗರವಾಯಿತು. ಶಾಂತವ್ವನ ನೆನಪಿಗೆ ‘ಶಾಂತಿಸಾಗರ’ ಎಂಬ ಹೆಸರು ರೂಢಿಗೆ ಬಂತು. ಹೆಸರು ಸುಂದರವಾಗಿಯೇ ಇದೆ. ಕಟ್ಟಿಸಿದವಳಿಗೆ ಗೌರವವೂ ಸಂದಿತು. ಆದರೆ ಕತೆಯ ಪ್ರಕಾರ ಆಕೆ ಕೊಟ್ಟ ಮಾತು ಬೇರೆ. ಫಲಕದ ಮೇಲೆ ಶಾಂತಿಸಾಗರವೆಂದು ಬರೆದಿದ್ದರೂ ಬಸ್ಸಿನ ಕಂಡಕ್ಟರು, ಮೀನುಗಾರ, ಗದ್ದೆಯ ರೈತ ಇಂದಿಗೂ ಸೂಳೆಕೆರೆ ಎಂದೇ ಕರೆಯುವುದರಿಂದ ಆ ಮಾತು ಹೇಗೋ ಉಳಿದುಕೊಂಡಿದೆ.

ನಾಯಕರ ಪಟ್ಟಣಗಳು

ವಿಜಯನಗರದ ಕಾಲಕ್ಕೆ ಈ ಸೀಮೆಯಲ್ಲಿ ಒಂದು ಪಾಳೆಯಗಾರ ಮನೆತನ ತಲೆಯೆತ್ತಿತು. ಬಸವಾಪಟ್ಟಣ, ಸಂತೇಬೆನ್ನೂರು ಮತ್ತು ಕೊನೆಗೆ ತರೀಕೆರೆ, ಹೀಗೆ ಮೂರು ನೆಲೆಗಳಲ್ಲಿ ಆಳಿದ ಈ ಮನೆತನದವರಲ್ಲಿ ಹನುಮಪ್ಪನಾಯಕ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಸಂತೇಬೆನ್ನೂರಿನ ಪುಷ್ಕರಣಿ ಈ ನಾಯಕರ ಕೊಡುಗೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಚೌಕಾಕಾರದ ಹೊಂಡ, ಸುತ್ತ ಚಿಕ್ಕ ಮಂಟಪಗಳು, ನಡುನೀರಿನಲ್ಲಿ ಅಂತಸ್ತುಗಳಾಗಿ ಏಳುವ ವಸಂತ ಮಂಟಪ. ಅದರ ಕಮಾನು, ಕಂಬ, ಶಿಖರಗಳಲ್ಲಿ ವಿಜಯನಗರ ಮತ್ತು ಬಿಜಾಪುರದ ಎರಡೂ ಶೈಲಿಗಳು ಬೆರೆತಿವೆ. ಪಕ್ಕದಲ್ಲೇ ಬಿಜಾಪುರದ ಸೇನಾಪತಿ ರಣದುಲ್ಲಾಖಾನನ ಹೆಸರಿನೊಂದಿಗೆ ಸೇರಿದ ಮುಸಾಫಿರಖಾನೆ. ಇವೆರಡೂ ಇಂದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ.

ರಣದುಲ್ಲಾಖಾನ ಇಲ್ಲಿಗೆ ಬಂದ ಬಗೆಯೂ ಗಡಿನಾಡಿನ ರಾಜಕೀಯಕ್ಕೆ ತಕ್ಕಂಥದೇ. 1637ರ ಸುಮಾರಿಗೆ ಬಸವಾಪಟ್ಟಣದ ಕೆಂಗ ನಾಯಕ ತನ್ನ ಎದುರಾಳಿ ಕೆಳದಿಯ ವೀರಭದ್ರನಾಯಕನ ಮೇಲೆ ಬಿಜಾಪುರದ ಪಡೆಯನ್ನು ಕರೆತಂದ. ಇಕ್ಕೇರಿ ಸೂರೆಯಾಯಿತು. ಆದರೆ ಕರೆತಂದವನೂ ಹೆಚ್ಚು ಕಾಲ ನೆಮ್ಮದಿಯಿಂದಿರಲಿಲ್ಲ. ಅವನು ಬಿಜಾಪುರಕ್ಕೆ ತಿರುಗಿಬಿದ್ದಾಗ ಅದೇ ಪಡೆ ಬಸವಾಪಟ್ಟಣದ ಮೇಲೂ ಬಂತು. ನೆರೆಯವನನ್ನು ಬಗ್ಗುಬಡಿಯಲು ದೂರದ ದೊಡ್ಡವನನ್ನು ಕರೆದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಹೀಗೆ ನೆಲೆ ಕಳೆದುಕೊಂಡ ಮನೆತನ ಕ್ರಮೇಣ ಕಾಡಿನ ಆಸರೆಯ ತರೀಕೆರೆಗೆ ಸರಿಯಿತು.

ಬಸವಾಪಟ್ಟಣ ಇಂದು ಹೋಬಳಿ ಕೇಂದ್ರ. ಆದರೆ 1687ರಲ್ಲಿ ಮೊಗಲರು ಶಿರಾವನ್ನು ರಾಜಧಾನಿ ಮಾಡಿಕೊಂಡು ಹೊಸ ಪ್ರಾಂತ್ಯ ರಚಿಸಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದು. ಉಳಿದವು ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ಕೋಲಾರ. ಕೋಲಾರ ಮತ್ತು ಬಸವಾಪಟ್ಟಣ ಒಂದೇ ಸಾಲಿನಲ್ಲಿದ್ದವು ಎಂದರೆ ಇಂದಿನವರಿಗೆ ಸೋಜಿಗವೆನಿಸಬಹುದು. ಊರುಗಳ ಅದೃಷ್ಟ ಹೇಗೆ ಏರಿಳಿಯುತ್ತದೆ ಎಂಬುದಕ್ಕೆ ಅಲ್ಲಿನ ಹಾಳುಕೋಟೆಯೇ ಸಾಕ್ಷಿ.

ಚನ್ನಮ್ಮಾಜಿಯ ಗಿರಿ

ತಾಲ್ಲೂಕು ಕೇಂದ್ರಕ್ಕೆ ಚನ್ನಗಿರಿ ಎಂಬ ಹೆಸರು ಬಂದದ್ದು ಕೆಳದಿಯ ರಾಣಿ ಚನ್ನಮ್ಮಾಜಿಯಿಂದ ಎಂದು ಪ್ರತೀತಿ. 1672ರಿಂದ 1697ರವರೆಗೆ ಆಳಿದ ಈ ರಾಣಿ, ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು. ಊರಿನ ನೆತ್ತಿಯ ಮೇಲಿನ ಕೋಟೆ, ಅದರೊಳಗಿನ ರಂಗನಾಥಸ್ವಾಮಿ ಗುಡಿ ಚನ್ನಗಿರಿಯ ಗುರುತುಗಳು.

ಈ ಕೋಟೆಯನ್ನು ಚನ್ನಮ್ಮಾಜಿ 1770ರಲ್ಲಿ ಕಟ್ಟಿಸಿದಳೆಂಬ ಮಾತು ಪ್ರವಾಸಿ ಬರಹಗಳಲ್ಲಿ ಕಾಣುತ್ತದೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. 1770ರ ಹೊತ್ತಿಗೆ ರಾಣಿ ತೀರಿಕೊಂಡು ಎಪ್ಪತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ಆಕೆಯ ವಂಶದ ರಾಜ್ಯವೂ 1763ರಲ್ಲಿ ಬಿದನೂರಿನ ಪತನದೊಂದಿಗೆ ಹೈದರನ ಪಾಲಾಗಿತ್ತು. ಕೋಟೆ ರಾಣಿಯ ಕಾಲದ್ದಾದರೆ ವರ್ಷ ತಪ್ಪು. ವರ್ಷ ಸರಿಯಾದರೆ ಅದು ಹೈದರನ ಕಾಲದ ದುರಸ್ತಿಯೋ ಹೊಸ ಕಟ್ಟಡವೋ ಆಗಿರಬೇಕು. ಇಂಥ ಸಣ್ಣ ಲೆಕ್ಕವನ್ನು ಶಾಲೆಯ ಮಕ್ಕಳೇ ಮಾಡಬಹುದು, ಮಾಡಬೇಕು. ಸ್ಥಳೀಯ ಚರಿತ್ರೆ ಶುದ್ಧವಾಗುವುದು ಹೀಗೆ.

ಎರಡು ಲೋಕಗಳ ದೊರೆ

ಚನ್ನಗಿರಿಯಲ್ಲಿ ಹುಟ್ಟಿ ಹೊರಜಗತ್ತಿನ ಚರಿತ್ರೆಯ ಪುಟಗಳನ್ನು ಸೇರಿದವನು ಧೋಂಡಿಯಾ ವಾಘ್. ಮರಾಠ ಮನೆತನದ ಈತ ಹೈದರನ ಕುದುರೆ ಪಡೆಯಲ್ಲಿದ್ದು, ಮೂರನೆಯ ಮೈಸೂರು ಯುದ್ಧದ ಗೊಂದಲದಲ್ಲಿ ಬಿಟ್ಟುಹೋಗಿ ಧಾರವಾಡದ ಕಡೆ ತನ್ನದೇ ದಂಡು ಕಟ್ಟಿದ. ಟಿಪ್ಪು ಅವನನ್ನು ಕರೆಸಿಕೊಂಡ. ಕೊನೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿಟ್ಟ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದ ಧೋಂಡಿಯಾ, ಕೆಲಸ ಕಳೆದುಕೊಂಡ ಟಿಪ್ಪುವಿನ ಸೈನಿಕರನ್ನು ಕೂಡಿಸಿಕೊಂಡು ತನ್ನ ಹುಟ್ಟುನಾಡಿನ ಕಡೆಗೆ ಧಾವಿಸಿದ. ಬಿದನೂರು, ಶಿವಮೊಗ್ಗ ಸೀಮೆಗಳು ಅವನ ಕೈವಶವಾದವು. ‘ಎರಡು ಲೋಕಗಳ ದೊರೆ’ ಎಂದು ತನ್ನನ್ನು ಕರೆದುಕೊಂಡ.

ಅವನ ಬೆನ್ನು ಹತ್ತಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಹದಿನೈದು ವರ್ಷಗಳ ನಂತರ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇವನೇ. 1800ರ ಬೇಸಿಗೆ, ಮಳೆಗಾಲಗಳಲ್ಲಿ ತುಂಗಭದ್ರೆಯ ಆಚೆ ಈಚೆ ನಡೆದ ಬೆನ್ನಟ್ಟಾಟ ಸೆಪ್ಟೆಂಬರ್ 10ರಂದು ಇಂದಿನ ರಾಯಚೂರು ಭಾಗದ ಕೋಣಗಲ್ ಬಳಿ ಧೋಂಡಿಯಾನ ಸಾವಿನೊಂದಿಗೆ ಮುಗಿಯಿತು. ಅವನ ಸಾಮಾನಿನ ನಡುವೆ ಸಿಕ್ಕ ಎಳೆಯ ಮಗ ಸಲಾಬತ್ ಖಾನನ ಪೋಷಣೆಯನ್ನು ವೆಲ್ಲೆಸ್ಲಿಯೇ ವಹಿಸಿಕೊಂಡ. ಧೋಂಡಿಯಾ ಕೆಲವರಿಗೆ ಬ್ರಿಟಿಷರ ಮೊದಲ ಎದುರಾಳಿಗಳಲ್ಲಿ ಒಬ್ಬ, ಕೆಲವರಿಗೆ ದಂಡೆತ್ತಿ ಕೊಳ್ಳೆ ಹೊಡೆದವ. ಇಂಗ್ಲಿಷರ ವರದಿಗಳು ಅವನನ್ನು ದರೋಡೆಕೋರನೆಂದವು. ಆದರೆ ಒಬ್ಬ ದರೋಡೆಕೋರನನ್ನು ಹಿಡಿಯಲು ಅಷ್ಟು ದೊಡ್ಡ ಸೈನ್ಯ, ಅಷ್ಟು ತಿಂಗಳು ಬೇಕಾಯಿತೆಂಬುದನ್ನೂ ಅವೇ ವರದಿಗಳು ಹೇಳುತ್ತವೆ.

ಮೂವತ್ತು ವರ್ಷಗಳ ಬಳಿಕ ಈ ನೆಲ ಮತ್ತೆ ಹೊತ್ತಿಕೊಂಡಿತು. ಕಂದಾಯದ ಹೊರೆ, ಗುತ್ತಿಗೆದಾರರ ಕಾಟಗಳಿಂದ ಬೇಸತ್ತ ರೈತರು 1830ರಲ್ಲಿ ಎದ್ದ ನಗರದ ದಂಗೆಯ ಕಾವಿನಿಂದ ಹೊನ್ನಾಳಿ, ಚನ್ನಗಿರಿಗಳೂ ಹೊರತಾಗಿರಲಿಲ್ಲ. ಬೂದಿ ಬಸವಪ್ಪನ ಜೊತೆ ನಿಂತವರಲ್ಲಿ ತರೀಕೆರೆಯ ಪಾಳೆಯಗಾರರೂ ಇದ್ದರು. ಅವರು ಬಸವಾಪಟ್ಟಣ, ಸಂತೇಬೆನ್ನೂರುಗಳ ಆ ಹಳೆಯ ಮನೆತನದವರೇ. ಈ ದಂಗೆಯ ಕಾರಣ ಮುಂದಿಟ್ಟೇ 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಐವತ್ತು ವರ್ಷಗಳ ಕಮಿಷನರ್ ಆಳ್ವಿಕೆಯಲ್ಲಿ ಜಿಲ್ಲೆ, ತಾಲ್ಲೂಕುಗಳ ಈಗಿನ ಚೌಕಟ್ಟು ರೂಪುಗೊಂಡಿತು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದವು.

ಅರಸರ, ದಂಗೆಗಳ ಈ ಚರಿತ್ರೆಯ ಬದಿಯಲ್ಲೇ ಇನ್ನೊಂದು ಚರಿತ್ರೆಯೂ ಇದೆ. ದಂಡುಗಳಿಗೆ ದವಸ ಹೊತ್ತು ಎತ್ತಿನ ಹಿಂಡಿನೊಂದಿಗೆ ಊರೂರು ತಿರುಗುತ್ತಿದ್ದ ಲಂಬಾಣಿ ಜನ ಈ ಬೆಟ್ಟಗಳ ಮಗ್ಗುಲಲ್ಲಿ ತಾಂಡಾ ಕಟ್ಟಿ ನೆಲೆನಿಂತರು. ಅವರ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬಲಾದ ಸೂರಗೊಂಡನಕೊಪ್ಪ ಈಗಿನ ನ್ಯಾಮತಿ ತಾಲ್ಲೂಕಿನಲ್ಲಿದೆ. ದೇಶದ ನಾನಾ ಭಾಗಗಳ ಬಂಜಾರರು ಪ್ರತಿ ಫೆಬ್ರವರಿಯಲ್ಲಿ ಇಲ್ಲಿಗೆ ಬರುತ್ತಾರೆ.

ಗೆರೆ ಬದಲಾದ ವರ್ಷ

1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾಯಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು; ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ; ಬಳ್ಳಾರಿಯಿಂದ ಹರಪನಹಳ್ಳಿ. ಮೂರು ಜಿಲ್ಲೆಗಳಿಂದ ಬಿಡಿಸಿ ಹೊಲಿದ ಕೌದಿಯಂಥ ಜಿಲ್ಲೆ ಇದು. ಆಗ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಇದೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿಹೋಗಿ ಅಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದವರು ಅವರು. ಶಿವಮೊಗ್ಗದ ಸಮಾಜವಾದಿ ರಾಜಕಾರಣದಲ್ಲಿ ಬೆಳೆದ ನಾಯಕರೇ ತಮ್ಮ ತಾಲ್ಲೂಕನ್ನು ಶಿವಮೊಗ್ಗದಿಂದ ಬಿಡಿಸಿದ್ದು ಆಗ ಚರ್ಚೆಗೆ ಕಾರಣವಾಗಿತ್ತು.

ತ್ಯಾವಣಿಗೆಯಂಥ ಉತ್ತರದ ಊರುಗಳಿಗೆ ಈ ಬದಲಾವಣೆ ಅನುಕೂಲವೇ. ದವಸ ಮಾರಲು, ಬಟ್ಟೆ ಕೊಳ್ಳಲು, ಆಸ್ಪತ್ರೆ, ಕಾಲೇಜುಗಳಿಗೆ ಹೋಗಲು ದಾವಣಗೆರೆಯ ದಾರಿ ಹಿಡಿಯುವ ಜನಕ್ಕೆ ಜಿಲ್ಲಾ ಕಚೇರಿಯೂ ಅದೇ ದಾರಿಯಲ್ಲಿ ಸಿಕ್ಕಂತಾಯಿತು. ದಕ್ಷಿಣದ ಉಬ್ರಾಣಿ ಕಡೆಯವರ ಲೆಕ್ಕ ಬೇರೆ. ಅವರಿಗೆ ಭದ್ರಾವತಿ, ಶಿವಮೊಗ್ಗಗಳೇ ಹತ್ತಿರ. ಮುಂದೆ 2018ರಲ್ಲಿ ಹರಪನಹಳ್ಳಿ ಮರಳಿ ಬಳ್ಳಾರಿಗೆ ಹೋಯಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹೊನ್ನಾಳಿಯನ್ನು ಒಡೆದು ನ್ಯಾಮತಿಯನ್ನು ಪ್ರತ್ಯೇಕ ತಾಲ್ಲೂಕು ಮಾಡಲಾಯಿತು. ಗೆರೆಗಳು ಮನುಷ್ಯರು ಎಳೆದವು, ಅಳಿಸಿ ಮತ್ತೆ ಎಳೆಯಬಹುದು. ಹರಿದ್ರಾ ಹಳ್ಳ ಮಾತ್ರ ಯಾವ ಅಧಿಸೂಚನೆಗೂ ಕಾಯದೆ ಹರಿಹರದ ಕಡೆಗೇ ಹರಿಯುತ್ತಿದೆ.

ಭದ್ರೆ ತಂದ ಬದಲಾವಣೆ

ಅರಸರು ಮಾಡಲಾಗದಷ್ಟು ದೊಡ್ಡ ಬದಲಾವಣೆಯನ್ನು ಇಲ್ಲಿ ತಂದದ್ದು ಭದ್ರಾ ನಾಲೆ. ಲಕ್ಕವಳ್ಳಿಯ ಬಳಿ 1947ರಲ್ಲಿ ಆರಂಭವಾದ ಅಣೆಕಟ್ಟು 1960ರ ದಶಕದ ನಡುವಿನಲ್ಲಿ ಮುಗಿಯಿತು. ಸುಮಾರು 71.5 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಈ ಜಲಾಶಯದ ಬಲದಂಡೆ ನಾಲೆ 103 ಕಿಲೋಮೀಟರು ಹರಿದು, ದಾವಣಗೆರೆ, ಮಲೇಬೆನ್ನೂರು ಮೊದಲಾದ ಶಾಖೆಗಳಾಗಿ ಒಡೆಯುತ್ತದೆ. ಒಟ್ಟು ಅಚ್ಚುಕಟ್ಟು ಲಕ್ಷ ಹೆಕ್ಟೇರಿನಷ್ಟು. ಜೋಳ, ರಾಗಿ, ಹತ್ತಿ ಬೆಳೆಯುತ್ತಿದ್ದ ಬಯಲು ಒಂದು ತಲೆಮಾರಿನೊಳಗೆ ಭತ್ತದ ಗದ್ದೆಯಾಯಿತು. ಅಕ್ಕಿ ಗಿರಣಿಗಳು ಬಂದವು. ಸೂಳೆಕೆರೆಗೂ ಈ ನಾಲೆಯ ನೀರಿನ ಆಸರೆ ಒದಗಿತು.

ಎರಡನೆಯ ಬದಲಾವಣೆ ಅಡಿಕೆ. ಮಲೆನಾಡಿನ ಕಣಿವೆಗಳ ಬೆಳೆಯಾಗಿದ್ದ ಅಡಿಕೆ ಬಯಲಿಗೆ ಇಳಿದು, ಚನ್ನಗಿರಿ ರಾಜ್ಯದ ದೊಡ್ಡ ಅಡಿಕೆ ಮಾರುಕಟ್ಟೆಗಳಲ್ಲೊಂದಾಯಿತು. ತೋಟ ಬೆಳೆಗಾರರ ಸಹಕಾರ ಸಂಘ ‘ತುಮ್ಕೋಸ್’ನ ಧಾರಣೆಯನ್ನು ದಿನವೂ ವಿಚಾರಿಸುವವರು ಮನೆಮನೆಯಲ್ಲಿದ್ದಾರೆ. ಹುಲ್ಲಿನ ಮನೆ ಇದ್ದಲ್ಲಿ ತಾರಸಿ ಬಂತು, ಮಕ್ಕಳು ಎಂಜಿನಿಯರ್, ಡಾಕ್ಟರ್ ಆದರು. ಇದೆಲ್ಲ ಅಡಿಕೆಯ ಕೊಡುಗೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಭತ್ತಕ್ಕೂ ಅಡಿಕೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ನೀರಿಲ್ಲದ ವರ್ಷ ಭತ್ತದ ಗದ್ದೆಯನ್ನು ಬೀಳು ಬಿಡಬಹುದು. ನಷ್ಟ ಒಂದು ಬೆಳೆಗೆ ನಿಲ್ಲುತ್ತದೆ. ಅಡಿಕೆ ಮರ ಒಣಗಿದರೆ ಹತ್ತಾರು ವರ್ಷಗಳ ದುಡಿಮೆಯೇ ಹೋಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ನಾಲೆಯ ಸರದಿಗಾಗಿ ಅಚ್ಚುಕಟ್ಟಿನ ರೈತರು ಬೀದಿಗಿಳಿದರು. 2024ರ ಬೇಸಿಗೆಯಲ್ಲಿ ತೋಟ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊಡೆಸಿದವರು ಎಷ್ಟೋ ಮಂದಿ.

ಇತ್ತ ಅಚ್ಚುಕಟ್ಟಿನ ಕೊನೆಯ ಭಾಗದವರು ನೀರು ತಮ್ಮವರೆಗೆ ಬರುವುದಿಲ್ಲವೆಂದು ದೂರುತ್ತಾರೆ. ಅತ್ತ ಜಗಳೂರು, ಚಿತ್ರದುರ್ಗ ಕಡೆಯವರು ದಶಕಗಳಿಂದ ಭದ್ರಾ ಮೇಲ್ದಂಡೆಗೆ ಕಾಯುತ್ತಿದ್ದಾರೆ. ತುಂಗಾ ಮತ್ತು ಭದ್ರಾಗಳಿಂದ ಒಟ್ಟು 29.9 ಟಿ.ಎಂ.ಸಿ. ಅಡಿ ನೀರನ್ನು ಒಣಸೀಮೆಗೆ ಒಯ್ಯುವ ಯೋಜನೆ ಅದು. ಅದು ತಡವಾದ ಕಾರಣ ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯಿಂದ ನೀರೆತ್ತುವ ಇನ್ನೊಂದು ಯೋಜನೆಯೂ ಬಂತು. 2025ರಲ್ಲಿ ಕುಡಿಯುವ ನೀರಿಗಾಗಿ ಬಲದಂಡೆ ನಾಲೆಯ ಬಳಿ ಕಾಮಗಾರಿ ನಡೆದಾಗ ದಾವಣಗೆರೆ ಭಾಗದ ರೈತರು ಪ್ರತಿಭಟಿಸಿದರು. ಇಲ್ಲಿ ಯಾರದೂ ಸುಳ್ಳು ವಾದವಲ್ಲ. ಒಣಗುವ ಮರವೂ ನಿಜ, ಖಾಲಿ ಕೊಡವೂ ನಿಜ. ಒಂದೇ ನದಿಯ ಮೇಲೆ ಎಲ್ಲರ ಕಣ್ಣು ಬಿದ್ದಿರುವಾಗ ಇರುವ ಹಳೆಯ ಕೆರೆಗಳನ್ನು ಕಾಪಾಡಿಕೊಳ್ಳುವುದು ಬರಿಯ ಸ್ಮಾರಕಪ್ರೇಮವಲ್ಲ.

ಕೆರೆಗೆ ಬೇಕಾದ ಗಡಿಕಲ್ಲು

ಸೂಳೆಕೆರೆ ಇಂದು ಬರಿ ಗದ್ದೆಗಳ ಕೆರೆಯಾಗಿ ಉಳಿದಿಲ್ಲ. ಚಿತ್ರದುರ್ಗ ನಗರ, ಹೊಳಲ್ಕೆರೆ ಸೇರಿದಂತೆ ಜಿಲ್ಲೆಯ ಗಡಿಯಾಚೆಯ ಊರುಗಳಿಗೂ ಇಲ್ಲಿಂದ ಕುಡಿಯುವ ನೀರು ಹೋಗುತ್ತದೆ. 1997ರಲ್ಲಿ ಜಿಲ್ಲೆಗಳು ಬೇರೆಯಾದರೂ ನೀರಿನ ಕೊಳವೆ ಅವುಗಳನ್ನು ಜೋಡಿಸಿಯೇ ಇದೆ. ಈ ಕೆರೆಯ ಮುಖ್ಯ ಶತ್ರುಗಳು ಎರಡು, ಹೂಳು ಮತ್ತು ಒತ್ತುವರಿ. ಬೆಟ್ಟದ ಕಾಡು ತೆಳುವಾದಷ್ಟೂ ಹಳ್ಳಗಳು ಮಣ್ಣು ಹೊತ್ತು ತರುತ್ತವೆ. ನೀರು ಕಡಿಮೆಯಾದ ವರ್ಷಗಳಲ್ಲಿ ಕೆರೆಯಂಗಳದ ಅಂಚು ಹೊಲವಾಗುತ್ತದೆ, ಹೊಲ ತೋಟವಾಗುತ್ತದೆ. ಮರ ಬೆಳೆದು ನಿಂತ ಮೇಲೆ ಅದು ಕೆರೆಯ ಜಾಗವೆಂದು ಹೇಳುವುದು ಕಷ್ಟ. ತೆರವು ಮಾಡಿಸುವುದು ಇನ್ನೂ ಕಷ್ಟ.

ಹಾಗಾಗಿಯೇ ಕೆರೆಯ ಸರ್ವೆ ಮಾಡಿ ಗಡಿಕಲ್ಲು ನೆಡಬೇಕೆಂಬ ಬೇಡಿಕೆ ಈ ಭಾಗದಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಮೇಲ್ನೋಟಕ್ಕೆ ಇದು ಕಂದಾಯ ಇಲಾಖೆಯ ಒಂದು ಸಣ್ಣ ಕೆಲಸ. ಆದರೆ ಈ ಸೀಮೆಯ ಚರಿತ್ರೆಯನ್ನು ಬಲ್ಲವರಿಗೆ ಅದರ ತೂಕ ತಿಳಿದೀತು. ಬನವಾಸಿ, ನೊಳಂಬವಾಡಿಗಳ ಗಡಿ ಎಲ್ಲಿತ್ತೆಂದು ಇಂದು ವಿದ್ವಾಂಸರು ಚರ್ಚಿಸುತ್ತಾರೆ. ಕೆಳದಿ, ಬಿಜಾಪುರಗಳ ಗಡಿ ಯಾರಿಗೂ ಬೇಕಿಲ್ಲ. ಶಿವಮೊಗ್ಗ, ಚಿತ್ರದುರ್ಗ, ಬಳ್ಳಾರಿಗಳ ಗಡಿ ನಮ್ಮ ಕಣ್ಣೆದುರೇ ಬದಲಾಯಿತು. ಇವೆಲ್ಲ ಅಳಿಸಿಹೋದರೂ ಜನ ಬದುಕಿದರು. ಅಳಿಸಿಹೋದರೆ ಬದುಕು ಕಷ್ಟವಾಗುವ ಗಡಿ ಒಂದೇ, ಅದು ನೀರಿನ ದಂಡೆಯ ಗಡಿ. ಶಾಂತವ್ವನ ಕತೆಯಲ್ಲಿ ಕೆರೆಗಾಗಿ ಒಂದು ಕೇರಿಯ ಹೆಂಗಸರು ತಮ್ಮ ಜಾಗ ಬಿಟ್ಟುಕೊಟ್ಟರು. ಈಗ ಕೆರೆಯ ಜಾಗವನ್ನು ಕೆರೆಗೆ ಬಿಟ್ಟುಕೊಡುವ ಸರದಿ ನಮ್ಮದು.